ಮುಖವಾಡದವನ ಮುಖ

ಹಾರುವ ವಿಮಾನದ ಹೊರಮೈಗೆ ಜೋತುಬಿದ್ದವನು ಮಾಡುವ ಮೊದಲ ಕೆಲಸ ಕಣ್ಣು ಮುಚ್ಚಿಕೊಳ್ಳುವುದು. ಅದು ಹೆದರಿಕೆಯಲ್ಲ, ದೇಹದ ಸ್ವಭಾವ. ಎದುರಿನಿಂದ ನುಗ್ಗುವ ಗಾಳಿ ಒಂದು ಕಡೆ, ಅದರ ಜೊತೆ ಬರುವ ದೂಳು, ಹರಳು, ಎಂಜಿನ್ನಿನ ಹೊಗೆ ಇನ್ನೊಂದು ಕಡೆ. ರೆಪ್ಪೆ ತಾನಾಗಿಯೇ ಬಿಗಿಯುತ್ತದೆ. ‘ಮಿಷನ್: ಇಂಪಾಸಿಬಲ್’ ಸರಣಿಯ ಐದನೇ ಚಿತ್ರ 2015ರಲ್ಲಿ ಬಂತು. ಅದರ ಶುರುವಿನಲ್ಲೇ ಈಥನ್ ಹಂಟ್ ಏರ್‌ಬಸ್ ಎ400ಎಂ ಸರಕು ವಿಮಾನದ ಬಾಗಿಲ ಪಕ್ಕ ನೇತಾಡುತ್ತಾನೆ. ಅಲ್ಲಿ ನಿರ್ದೇಶಕ ಕ್ರಿಸ್ಟೋಫರ್ ಮೆಕ್ವಾರಿಗೆ ಬೇಕಿದ್ದದ್ದು ತೆರೆದ ಕಣ್ಣು. ಅದಕ್ಕೆ ಈಥನ್ ಪಾತ್ರ ಮಾಡುವ ಟಾಮ್ ಕ್ರೂಸ್ ಕಣ್ಣಿನ ಬಿಳಿಭಾಗವನ್ನೂ ಮುಚ್ಚುವಂಥ ದೊಡ್ಡ ಲೆನ್ಸ್ ಹಾಕಿಕೊಂಡರು. ಸಾಮಾನ್ಯ ಕಾಂಟ್ಯಾಕ್ಟ್ ಲೆನ್ಸ್ ಹೆಚ್ಚುಕಡಿಮೆ ಕಣ್ಣಿನ ಕರಿಭಾಗವನ್ನಷ್ಟೇ ಮುಚ್ಚುತ್ತದೆ, ಆ ಗಾಳಿಗೆ ಹಾರಿಹೋಗಬಹುದು. ಇದು ಹಾಗಲ್ಲ, ಗುಡ್ಡೆಗೆ ಪಾರದರ್ಶಕ ಚಿಪ್ಪು ತೊಡಿಸಿದ ಹಾಗೆ.

ಉಳಿದದ್ದೆಲ್ಲ ಇದರ ಸುತ್ತ ಕಟ್ಟಿದ ಏರ್ಪಾಡು. ಸೂಟಿನ ಒಳಗೆ ಮೈಗೆ ಬಿಗಿಯುವ ಪಟ್ಟಿಗಳ ಹಾರ್ನೆಸ್, ಅದರಿಂದ ವಿಮಾನದ ದೇಹಕ್ಕೆ ಗಟ್ಟಿ ಕೊಂಡಿ. ಕೇಬಲ್ಲನ್ನು ಆಮೇಲೆ ಕಂಪ್ಯೂಟರಿನಲ್ಲಿ ಅಳಿಸಿದರು. ಕ್ಯಾಮೆರಾವನ್ನೂ ವಿಮಾನಕ್ಕೇ ಬಿಗಿದಿದ್ದರು. ಎಂಟು ಸಲ ಮೇಲೇರಿ ಇಳಿದರು, ಸುಮಾರು 5,000 ಅಡಿವರೆಗೆ. ಕತೆಯ ಪ್ರಕಾರ ಈಥನ್ ಬಂದದ್ದು ಸೂಟು ತೊಟ್ಟು, ಹಾಗಾಗಿ ಚಳಿಗೆ ದಪ್ಪ ಉಡುಪಿಲ್ಲ, ಕನ್ನಡಕವಿಲ್ಲ, ಹೆಲ್ಮೆಟ್ಟಿಲ್ಲ. ಡೂಪ್ ಹಾಕಿ ಹಿಂದಿನಿಂದ ತೆಗೆದಿದ್ದರೆ ಇಷ್ಟು ರಗಳೆಯೇ ಇರುತ್ತಿರಲಿಲ್ಲ.

ಈ ಸರಣಿಯ ದೊಡ್ಡ ತಮಾಷೆ ಇರುವುದೇ ಇಲ್ಲಿ. ಈಥನ್ ಹಂಟ್ ಕಸುಬಿನಿಂದ ಮುಖ ಮರೆಸುವವನು. ಐಎಂಎಫ್ ಅನ್ನುವ ಕಾಲ್ಪನಿಕ ಗುಪ್ತ ಸಂಸ್ಥೆಯಲ್ಲಿ ಅವನಿಗಿರುವ ದೊಡ್ಡ ಅಸ್ತ್ರ ಬಂದೂಕಲ್ಲ, ಇನ್ನೊಬ್ಬರ ಮುಖ. ಅವನ ಚಿತ್ರಗಳನ್ನು ತೆಗೆಯುವವರದ್ದು ತದ್ವಿರುದ್ಧ ಹಠ: ಎಂಥ ಅಪಾಯದಲ್ಲೂ ಆ ಒಂದು ಮುಖ ಕಾಣಲೇಬೇಕು. ಸರಣಿಯ ಎಂಟು ಚಿತ್ರಗಳ ಸಾಹಸಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದರೆ, ಎತ್ತರ ಎಷ್ಟು, ವೇಗ ಎಷ್ಟು ಅನ್ನುವುದಕ್ಕಿಂತ ಮೊದಲು ಯಾರೋ ಕೇಳಿದ್ದು ಇದೇ ಪ್ರಶ್ನೆ ಅನ್ನಿಸುತ್ತದೆ: ಮುಖ ಎಲ್ಲಿಂದ ಕಾಣುತ್ತೆ?

ಮುಖವಾಡ ಮೊದಲಿನಿಂದಲೂ ಇತ್ತು. 1966ರಿಂದ 1973ರವರೆಗೆ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಬಂದ ಧಾರಾವಾಹಿ ಇದರ ಮೂಲ. ಅದರಲ್ಲಿ ಈಥನ್ ಹಂಟ್ ಇರಲೇ ಇಲ್ಲ. ವೇಷ ಬದಲಿಸುವ ಕೆಲಸ ಮಾರ್ಟಿನ್ ಲ್ಯಾಂಡೌ ಮಾಡಿದ ರಾಲಿನ್ ಹ್ಯಾಂಡ್‌ನದು, ಎರಡನೇ ಸೀಸನ್ನಿನಿಂದ ತಂಡದ ಯಜಮಾನಿಕೆ ಜಿಮ್ ಫೆಲ್ಪ್ಸ್‌ನದು. 1996ರ ಮೊದಲ ಸಿನಿಮಾದಲ್ಲಿ ಬ್ರಯಾನ್ ಡಿ ಪಾಲ್ಮಾ ಆ ಫೆಲ್ಪ್ಸ್‌ನನ್ನೇ ದ್ರೋಹಿ ಮಾಡಿ, ಅವನ ಕೈಕೆಳಗಿನ ಹುಡುಗನನ್ನು ನಾಯಕನಾಗಿ ನಿಲ್ಲಿಸಿದರು. ಕೊನೆಗೆ ರೈಲಿನಲ್ಲಿ ಈಥನ್ ಸತ್ಯ ಹೊರಗೆಳೆಯುವುದು ಫೆಲ್ಪ್ಸ್‌ನ ಮುಖವನ್ನೇ ತೊಟ್ಟು. ಗುರುವಿನ ಮುಖ ಕಳಚಿ ಶಿಷ್ಯ ಎದ್ದು ಬರುವ ಆ ಒಂದು ಕ್ಷಣದಲ್ಲಿ ಟೀವಿಯ ಕಾಲ ಮುಗಿದು ಸಿನಿಮಾದ ಕಾಲ ಶುರುವಾಯಿತು. ಹಳೆಯ ಅಭಿಮಾನಿಗಳಿಗೆ ಇದು ನುಂಗಲಾರದ ತುತ್ತಾಯಿತು, ಅದರಲ್ಲಿ ತಪ್ಪೇನೂ ಇಲ್ಲ.

ನಿಜವಾಗಿ ಒಂದು ಮುಖವಾಡ ಮಾಡುವುದೆಂದರೆ ಏನು? ಮೊದಲು ತೊಡುವವನ ಮುಖದ ಅಚ್ಚು ತೆಗೆಯಬೇಕು. ಕೂದಲಿಗೆ ತೆಳು ಟೋಪಿ, ಹುಬ್ಬು ರೆಪ್ಪೆಗೆ ವ್ಯಾಸಲಿನ್. ಹಲ್ಲಿನ ವೈದ್ಯರು ಬಳಸುವ ಅಲ್ಜಿನೇಟ್ ಪುಡಿಯನ್ನು ನೀರಲ್ಲಿ ಕಲಸಿ, ಮೂಗಿನ ಹೊಳ್ಳೆ ಬಿಟ್ಟು ಮುಖಕ್ಕೆಲ್ಲ ಬಳಿಯುತ್ತಾರೆ. ಅದು ಕೆಲವೇ ನಿಮಿಷದಲ್ಲಿ ರಬ್ಬರಿನಂತೆ ಗಟ್ಟಿಯಾಗುತ್ತದೆ. ಆಕಾರ ಕೆಡದಂತೆ ಮೇಲೆ ಪ್ಲಾಸ್ಟರ್ ಪಟ್ಟಿ. ಕೂತವನು ನಕ್ಕರೆ, ಎಂಜಲು ನುಂಗಿದರೆ ಅಚ್ಚು ಹಾಳು. ಕಳಚಿದ ಅಚ್ಚಿಗೆ ಪ್ಲಾಸ್ಟರ್ ಎರೆದು ಮುಖದ ಪ್ರತಿ ಮಾಡಿ, ಅದರ ಮೇಲೆ ಇನ್ನೊಬ್ಬನ ಮುಖವನ್ನು ಜೇಡಿಮಣ್ಣಿನಲ್ಲಿ ಕಡೆಯುತ್ತಾರೆ. ಆ ಮಣ್ಣಿನ ಮುಖದಿಂದ ಇನ್ನೊಂದು ಅಚ್ಚು. ಎರಡರ ನಡುವಿನ ಜಾಗದಲ್ಲಿ ಸಿಲಿಕೋನ್ ಅಥವಾ ನೊರೆ ರಬ್ಬರ್ ತುಂಬಿದರೆ ಬರುವುದೇ ಮುಖವಾಡ. ಅಂಚು ಈರುಳ್ಳಿ ಸಿಪ್ಪೆಯಷ್ಟು ತೆಳುವಾಗದಿದ್ದರೆ ಕ್ಯಾಮೆರಾ ಹಿಡಿದುಬಿಡುತ್ತದೆ. ಅಂಟು ಹಚ್ಚಿ, ಪದರ ಪದರವಾಗಿ ಬಣ್ಣ ಹಾಕಿ ಮುಗಿಸಲು ಗಂಟೆಗಳೇ ಬೇಕು. ಬೆವರಿದರೆ ಬಾಯಿಯ ಮೂಲೆಯಲ್ಲಿ ಮೊದಲು ಏಳುತ್ತದೆ. ಕಿತ್ತರೆ ಅಂಚು ಹರಿದುಹೋಗುತ್ತದೆ, ಮತ್ತೆ ತೊಡಲಾಗದು.

ಇದಕ್ಕಿಂತ ದೊಡ್ಡ ಮಿತಿ ಇನ್ನೊಂದಿದೆ. ಮುಖವಾಡ ಕೂಡಿಸಬಲ್ಲದು, ಕಳೆಯಲಾರದು. ತೆಳು ಕೆನ್ನೆಯವನನ್ನು ಗುಂಡು ಕೆನ್ನೆಯವನಾಗಿ ಮಾಡಬಹುದು. ಗುಂಡು ಕೆನ್ನೆಯವನನ್ನು ತೆಳ್ಳಗೆ ಮಾಡುವುದು ಎಂಥ ಕೈಚಳಕದವನಿಗೂ ಸಾಧ್ಯವಿಲ್ಲ. ಹಾಗಾಗಿ 2006ರ ಮೂರನೇ ಚಿತ್ರದಲ್ಲಿ ಕ್ರೂಸ್ ಖಳನ ಪಾತ್ರದ ಫಿಲಿಪ್ ಸೀಮೋರ್ ಹಾಫ್‌ಮನ್ ಆಗುವುದು ಲೆಕ್ಕಕ್ಕೆ ಸರಿಹೊಂದುತ್ತದೆ. ತಿರುಗಿಸಿ ನೋಡಿದರೆ ಹೊಂದುವುದಿಲ್ಲ. ನಿರ್ದೇಶಕ ಜೆ.ಜೆ. ಅಬ್ರಾಮ್ಸ್ ಈ ಚಿತ್ರದಲ್ಲಿ ಮುಖವಾಡ ತಯಾರಾಗುವುದನ್ನೇ ತೋರಿಸಿದರು. ಫೋಟೋದಿಂದ ಆಕಾರ ಹಿಡಿದು ಯಂತ್ರ ಮುಖ ಕೊರೆಯುತ್ತದೆ. ಇತ್ತ ಖಳನ ಕೈಗೆ ಚೀಟಿ ಕೊಟ್ಟು ಓದಿಸುತ್ತಾರೆ. ಸಾಕಷ್ಟು ಸ್ವರ ವ್ಯಂಜನ ಸಿಗುವ ತನಕ ಈಥನ್‌ನ ಗಂಟಲು ಅವನ ಧ್ವನಿಗೆ ತಿರುಗುವುದಿಲ್ಲ. ವ್ಯಾಟಿಕನ್ನಿನ ಶೌಚಾಲಯದಲ್ಲಿ ನಿಮಿಷಗಳ ಲೆಕ್ಕದಲ್ಲಿ ನಡೆಯುವ ಈ ಕೆಲಸವೇ ಇಡೀ ಚಿತ್ರದ ಅತಿ ಉದ್ವೇಗದ ಭಾಗ. ಇಲ್ಲಿ ಗುಂಡು ಹಾರುವುದಿಲ್ಲ, ಒಬ್ಬ ಓದುತ್ತಾನೆ, ಅಷ್ಟೇ. ನಂತರದ ದೃಶ್ಯಗಳಲ್ಲಿ ಹಾಫ್‌ಮನ್ ಮಾಡಿದ ಕೆಲಸ ಇನ್ನೂ ಸೂಕ್ಷ್ಮ: ತನ್ನದೇ ಪಾತ್ರದ ವೇಷದಲ್ಲಿರುವ ಈಥನ್‌ನನ್ನು ಅವರು ಅಭಿನಯಿಸಬೇಕಿತ್ತು. ಚರ್ಮ ಖಳನದು, ಆತಂಕ ಈಥನ್‌ನದು.

ತೆರೆಯ ಮೇಲೆ ಮುಖವಾಡ ಕಳಚುವುದು ಹಳೆಯ ಇಂದ್ರಜಾಲ. ಮೊದಲ ನಟ ಗಲ್ಲದ ಕೆಳಗೆ ಬೆರಳು ಹಾಕಿ ಎಳೆಯುವಂತೆ ಮಾಡುತ್ತಾನೆ. ತಲೆ ತಿರುಗುತ್ತದೆ, ಅಥವಾ ಯಾರೋ ಎದುರಿಗೆ ಹಾಯುತ್ತಾರೆ. ಆ ಮರೆಯಲ್ಲಿ ಶಾಟ್ ಬದಲಾಗಿ, ಎರಡನೇ ನಟ ರಬ್ಬರ್ ತೊಗಲನ್ನು ನಿಜವಾಗಿ ಸುಲಿಯುತ್ತಾನೆ. ಈಗ ಈ ಬೆಸುಗೆಯನ್ನು ಕಂಪ್ಯೂಟರ್ ಹಾಕುತ್ತದೆ. ಹಾಗಿದ್ದರೂ ತಲೆಯ ಓಲಿಕೆ, ಬೆರಳಿನ ಜಾಗ, ಅಂಗಿಯ ಕಾಲರ್, ಬೆಳಕು ಬೀಳುವ ದಿಕ್ಕು, ಈ ನಾಲ್ಕೂ ಎರಡೂ ಶಾಟಿನಲ್ಲಿ ಹೊಂದಬೇಕು. ಭುಜದ ಎತ್ತರ ಒಂದಿಂಚು ಹೆಚ್ಚು ಕಡಿಮೆಯಾದರೂ ಗುಟ್ಟು ರಟ್ಟು. 2000ದ ಎರಡನೇ ಚಿತ್ರದಲ್ಲಿ ಜಾನ್ ವೂ ಈ ತಂತ್ರವನ್ನು ಮಿತಿಮೀರಿ ಬಳಸಿದರು. ಯಾರು ಬೇಕಾದರೂ ಯಾರು ಬೇಕಾದರೂ ಆಗಬಹುದು ಎಂದಾದ ಮೇಲೆ ಯಾರಿಗೆ ಏನಾದರೂ ಪ್ರೇಕ್ಷಕನಿಗೆ ದಿಗಿಲು ಹುಟ್ಟುವುದಿಲ್ಲ. ಮುಂದಿನ ಚಿತ್ರಗಳ ಬರಹಗಾರರು ಇದರಿಂದ ಪಾಠ ಕಲಿತರು ಅಂತ ಕಾಣುತ್ತದೆ, ಯಂತ್ರವನ್ನೇ ಕೆಡಿಸತೊಡಗಿದರು. 2011ರಲ್ಲಿ ದುಬೈಯ ಬುರ್ಜ್ ಖಲೀಫಾದಲ್ಲಿ ಮುಖವಾಡದ ಯಂತ್ರ ಕೈಕೊಡುತ್ತದೆ, ತಂಡ ಸ್ವಂತ ಮುಖದಲ್ಲೇ ವ್ಯವಹಾರಕ್ಕೆ ಕೂರಬೇಕಾಗುತ್ತದೆ. 2023ರಲ್ಲಿ ಒಂದು ಮುಖ ಮಾಡಿ ಮುಗಿಸಿದ್ದೇ ಯಂತ್ರ ನಿಲ್ಲುತ್ತದೆ. ವೇಷದಲ್ಲಿ ರೈಲು ಹತ್ತಬೇಕಿದ್ದ ಈಥನ್ ಕೊನೆಗೆ ಬೆಟ್ಟದ ತುದಿಯಿಂದ ಬೈಕ್ ಹಾರಿಸಬೇಕಾಗುತ್ತದೆ. ಮುಖವಾಡ ಕೆಟ್ಟಲ್ಲಿ ಮೈ ಕೆಲಸಕ್ಕೆ ಬರುತ್ತದೆ.

ಮೈಯ ಕೆಲಸದಲ್ಲಿ ಅತಿ ಅಗ್ಗದ ಪರಿಹಾರ ಸಿಕ್ಕಿದ್ದು ಮೊದಲ ಚಿತ್ರದ ಬಿಳಿ ಕೋಣೆಯಲ್ಲಿ. ಸಿಐಎ ಕಚೇರಿಯ ಆ ಕೋಣೆಯಲ್ಲಿ ನೆಲ ಮುಟ್ಟಿದರೆ ಗಂಟೆ, ಸದ್ದಾದರೆ ಗಂಟೆ, ಬಿಸಿ ಏರಿದರೆ ಗಂಟೆ. ಈಥನ್ ಮಾಡಿನ ಕಿಂಡಿಯಿಂದ ಹಗ್ಗದಲ್ಲಿ ಇಳಿದು, ನೆಲಕ್ಕೆ ಕೆಲವೇ ಇಂಚು ಮೇಲೆ ಅಡ್ಡಡ್ಡ ನಿಲ್ಲಬೇಕು. ಚಿತ್ರೀಕರಣದಲ್ಲಿ ಕ್ರೂಸ್‌ನ ತಲೆ ಮತ್ತೆ ಮತ್ತೆ ಹೋಗಿ ನೆಲಕ್ಕೆ ಬಡಿಯುತ್ತಿತ್ತು. ಕಾರಣ ತಕ್ಕಡಿಯದು. ಹಗ್ಗ ಹಿಡಿದಿರುವುದು ಸೊಂಟವನ್ನು. ತಲೆ, ಎದೆ, ಭುಜ ಸೇರಿದ ಮೇಲ್ಭಾಗ ಕಾಲಿಗಿಂತ ಭಾರ. ಹೊಟ್ಟೆಯ ಸ್ನಾಯು ಎಷ್ಟು ಬಿಗಿಹಿಡಿದರೂ ತಲೆ ವಾಲುತ್ತದೆ. ಕ್ರೂಸ್ ಸ್ಟಂಟ್ ತಂಡದವರಿಂದ ಒಂದು ಪೌಂಡಿನ ನಾಣ್ಯಗಳನ್ನು ಕೇಳಿ ಪಡೆದು ಶೂಗಳ ಒಳಗೆ ಹಾಕಿಕೊಂಡರು. ಒಂದು ನಾಣ್ಯಕ್ಕೆ ಹತ್ತು ಗ್ರಾಮೂ ಇಲ್ಲ. ಆದರೆ ಪಾದ ಸೊಂಟದಿಂದ ಹೆಚ್ಚು ಕಡಿಮೆ ಮೂರು ಅಡಿ ದೂರ, ತಕ್ಕಡಿಯ ತುದಿಯಲ್ಲಿಟ್ಟ ಸಣ್ಣ ತೂಕಕ್ಕೆ ಬಲ ಜಾಸ್ತಿ. ಮೈ ಸಮನಾಯಿತು. ಆ ದೃಶ್ಯದಲ್ಲಿ ಹಿನ್ನೆಲೆ ಸಂಗೀತವಿಲ್ಲ, ಮಾತು ಪಿಸುಗುಟ್ಟುವಷ್ಟೇ, ಕನ್ನಡಕದ ಗಾಜಿಗೆ ಜಾರುವ ಬೆವರ ಹನಿಯೇ ಖಳನಾಯಕ. ಕೋಟಿಗಟ್ಟಲೆ ಸುರಿದು ತೆಗೆದ ಮುಂದಿನ ಎಷ್ಟೋ ಸಾಹಸಗಳು ಇದರ ಹತ್ತಿರ ಸುಳಿಯುವುದಿಲ್ಲ.

ಎರಡನೇ ಚಿತ್ರದಲ್ಲಿ ಈಥನ್ ಕಣ್ಣಿನ ಮೇಲೆ ಚಾಕು ಇಳಿದು ಬರುವ ಶಾಟ್ ಕೂಡ ಅಷ್ಟೇ ಸರಳ. ಚಾಕುವಿಗೆ ಉಕ್ಕಿನ ಕೇಬಲ್ ಕಟ್ಟಿ, ತುದಿ ಕಣ್ಣಿಗೆ ಕಾಲು ಇಂಚು ಇರುವಾಗ ನಿಲ್ಲುವ ಹಾಗೆ ಉದ್ದ ಅಳೆದಿದ್ದರು. ಮೇಲಿದ್ದ ನಟ ಪೂರ್ತಿ ಬಲ ಹಾಕಿ ಒತ್ತಿದ. ಕೇಬಲ್ ಹಿಗ್ಗದು ಅನ್ನುವ ನಂಬಿಕೆಯೊಂದೇ ನಡುವೆ.

2011ರ ಚಿತ್ರದಲ್ಲಿ ಈಥನ್ ಹೊರಗೋಡೆ ಹಿಡಿದು ಹತ್ತುವ ಬುರ್ಜ್ ಖಲೀಫಾದ 828 ಮೀಟರ್ ಎತ್ತರ ಎಲ್ಲರಿಗೂ ಗೊತ್ತು. ಛಾಯಾಗ್ರಾಹಕನ ತೊಡಕು ಬೇರೆಯೇ. ಗೋಡೆ ಹತ್ತುವವನ ಮುಖ ಗೋಡೆಯ ಕಡೆಗಿರುತ್ತದೆ. ಕೆಳಗಿನಿಂದ ತೆಗೆದರೆ ಶೂ ತಳ, ದೂರದಿಂದ ತೆಗೆದರೆ ಬೆನ್ನು. ಮುಖವೂ ಬೇಕು, ಕೆಳಗಿನ ಪಾತಾಳವೂ ಬೇಕು ಅಂದರೆ ಕ್ಯಾಮೆರಾ ಅವನಿಗಿಂತ ಮೇಲಿರಬೇಕು, ಕಟ್ಟಡದಿಂದ ಹೊರಗೆ ಚಾಚಿರಬೇಕು. ಅದಕ್ಕೇ ಕಿಟಕಿಯ ಗಾಜು ತೆಗೆದು, ಅಲ್ಲಿಂದ ಐಮ್ಯಾಕ್ಸ್ ಕ್ಯಾಮೆರಾವನ್ನು ಹೊರಗೆ ಇಳಿಬಿಟ್ಟರು. ಐಮ್ಯಾಕ್ಸ್ ಫಿಲ್ಮಿನ 1,000 ಅಡಿಯ ಸುರುಳಿ ಓಡುವುದು ಸುಮಾರು ಮೂರೇ ನಿಮಿಷ. ಮೂರು ನಿಮಿಷಕ್ಕೊಮ್ಮೆ ಸುರುಳಿ ಬದಲು. ಅಷ್ಟು ಹೊತ್ತು ನಟ ಹಾರ್ನೆಸ್ಸಿನಲ್ಲಿ. ತೊಡೆಸಂದಿಯ ಪಟ್ಟಿ ಬಿಗಿದಷ್ಟೂ ರಕ್ತ ಓಡದು, ಸಡಿಲಿಸಿದರೆ ಮೈ ಜಾರುತ್ತದೆ. ಮರುಭೂಮಿಯ ಬಿಸಿಲಿಗೆ ಗಾಜೂ ಕಾದಿರುತ್ತದೆ. ಕತೆಯೊಳಗೆ ಮಾತ್ರ ಗಾಜಿಗೆ ಅಂಟಿಕೊಳ್ಳುವ ಕೈಗವಸೊಂದು ಕೆಟ್ಟಿದ್ದು ಸಾಕಾಯಿತು.

ಮುಖದ ಹಠ ತುದಿ ಮುಟ್ಟಿದ್ದು 2018ರ ಆರನೇ ಚಿತ್ರದ ಆಕಾಶಜಿಗಿತದಲ್ಲಿ. ಕತೆಯಲ್ಲಿ ಈಥನ್ ರಾತ್ರಿ ಹೊತ್ತು ಪ್ಯಾರಿಸ್ ಮೇಲೆ ಜಿಗಿಯುತ್ತಾನೆ. ಚಿತ್ರೀಕರಣ ನಡೆದದ್ದು ಅಬುಧಾಬಿಯಲ್ಲಿ, ಸಿ-17 ವಿಮಾನದಿಂದ, 25,000 ಅಡಿಯಲ್ಲಿ. ಆ ಎತ್ತರದಲ್ಲಿ ಗಾಳಿಯ ಒತ್ತಡ ನೆಲದ ಒತ್ತಡದ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ. ಆಮ್ಲಜನಕ ತಪ್ಪಿದರೆ ಸರಿಯಾಗಿ ಯೋಚಿಸಬಲ್ಲ ಅವಧಿ ಮೂರರಿಂದ ಐದು ನಿಮಿಷ. ಇನ್ನೊಂದು ಅಪಾಯ ರಕ್ತದಲ್ಲಿ ಕರಗಿರುವ ಸಾರಜನಕದ್ದು: ಒತ್ತಡ ಇಳಿದಾಗ ಅದು ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ ಗುಳ್ಳೆಯಾಗುತ್ತದೆ. ಹಾಗಾಗಿ ಜಿಗಿಯುವ ಮುಂಚೆ ಸುಮಾರು 20 ನಿಮಿಷ ಶುದ್ಧ ಆಮ್ಲಜನಕ ಉಸಿರಾಡಿ ಸಾರಜನಕವನ್ನು ಹೊರಹಾಕಬೇಕು.

ಸೈನಿಕರು ಇಂಥ ಜಿಗಿತಕ್ಕೆ ಮೂಗು ಬಾಯಿ ಮುಚ್ಚುವ ಆಮ್ಲಜನಕದ ಮಾಸ್ಕು, ಮೇಲೊಂದು ಗಾಗಲ್ ಹಾಕುತ್ತಾರೆ. ಹಾಗೆ ಮಾಡಿದರೆ ಒಳಗಿರುವವನು ಕ್ರೂಸೋ ಅಲ್ಲವೋ ಯಾರಿಗೆ ಗೊತ್ತಾಗುತ್ತದೆ? ಆದ್ದರಿಂದ ಚಿತ್ರಕ್ಕೆಂದೇ ಅಗಲ ಗಾಜಿನ ಹೊಸ ಹೆಲ್ಮೆಟ್ ಮಾಡಿಸಿದರು. ಅದು ವೇಷವೂ ಹೌದು, ಉಸಿರಿನ ಸಾಧನವೂ ಹೌದು. ಮುಖ ಬೆಳಗಲು ಒಳಗೆ ದೀಪ. ಆಮ್ಲಜನಕ ತುಂಬಿದ ಜಾಗದಲ್ಲಿ ಸಣ್ಣ ಕಿಡಿಯೂ ಬೆಂಕಿಯಾಗಬಲ್ಲದು, ಅಲ್ಲಿ ದೀಪ ಇಡುವುದೆಂದರೆ ಹುಡುಗಾಟವಲ್ಲ. ನಿರ್ದೇಶಕರಿಗೆ ಬೇಕಿದ್ದದ್ದು ಸೂರ್ಯ ಮುಳುಗುವ ಹೊತ್ತಿನ ಬೆಳಕು, ಅದು ಇರುವುದು ಮೂರೇ ನಿಮಿಷ. ಅಂದರೆ ದಿನಕ್ಕೆ ಒಂದೇ ಟೇಕ್. ಹೆಲ್ಮೆಟ್ಟಿಗೆ ಕ್ಯಾಮೆರಾ ಕಟ್ಟಿಕೊಂಡ ಕ್ರೇಗ್ ಓಬ್ರಿಯನ್ ಹಿಮ್ಮುಖವಾಗಿ ಮೊದಲು ಜಿಗಿಯಬೇಕು, ಕ್ರೂಸ್ ಹಿಂದೆಯೇ ಹಾರಿ ಬಂದು ಲೆನ್ಸಿನಿಂದ ಮೂರು ಅಡಿ ದೂರದಲ್ಲಿ ನಿಲ್ಲಬೇಕು. ಮುಸ್ಸಂಜೆಯಲ್ಲಿ ಲೆನ್ಸಿನ ಕಿಂಡಿ ಅಗಲ ತೆರೆದಿರುತ್ತದೆ. ಕಿಂಡಿ ಅಗಲವಾದಷ್ಟೂ ಸ್ಪಷ್ಟ ಕಾಣುವ ಪದರ ತೆಳು. ಅರ್ಧ ಅಡಿ ಹಿಂದೆ ನಿಂತರೂ ಮುಖ ಮಸುಕು. ಗಂಟೆಗೆ 200 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಬೀಳುತ್ತಾ ಮೂರು ಅಡಿ ಅಳೆಯುವುದು ಕೈಕಾಲಿನ ಓರೆಯಿಂದಲೇ: ತೋಳು ತುಸು ಮಡಚಿದರೆ ವೇಗ ಹೆಚ್ಚು, ಚಾಚಿದರೆ ಕಡಿಮೆ. ಒಟ್ಟು 106 ಸಲ ಜಿಗಿದ ಮೇಲೆ ಬೇಕಾದ ಮೂರು ಟೇಕ್ ಸಿಕ್ಕವು. ಮೋಡ, ಮಿಂಚು, ಪ್ಯಾರಿಸಿನ ದೀಪಗಳನ್ನು ಆಮೇಲೆ ಸೇರಿಸಿದರು. ಪ್ರೇಕ್ಷಕರಲ್ಲಿ ಎಷ್ಟೋ ಜನ ಇಡೀ ದೃಶ್ಯವನ್ನೇ ಗ್ರಾಫಿಕ್ಸ್ ಅಂದುಕೊಂಡರು. ಸುತ್ತಲಿನದೆಲ್ಲ ಕೃತಕವಾದಾಗ ನಡುವಿನ ನಿಜವನ್ನೂ ಕಣ್ಣು ನಂಬುವುದಿಲ್ಲ. ಇಷ್ಟೊಂದು ಕಷ್ಟಪಟ್ಟದ್ದು ಈ ದೃಶ್ಯದ ಮಟ್ಟಿಗೆ ಪೂರ್ತಿ ಫಲಿಸಲಿಲ್ಲ ಅಂತಲೇ ಹೇಳಬೇಕು.

ಅದೇ ಚಿತ್ರದಲ್ಲಿ ಯೋಜನೆ ಕೆಟ್ಟಲ್ಲಿ ನಿಜ ಕಂಡಿತು. 2017ರ ಆಗಸ್ಟ್, ಲಂಡನ್. ಒಂದು ಮಹಡಿಯಿಂದ ಇನ್ನೊಂದಕ್ಕೆ ಹಾರಿ, ಅಂಚಿಗೆ ಎದೆ ಬಡಿದು, ಕೈಯೂರಿ ಮೇಲೇಳಬೇಕು. ಬೀಳದಂತೆ ಹಾರ್ನೆಸ್ ಇತ್ತು. ಹಾರ್ನೆಸ್ ಬೀಳುವುದನ್ನು ತಡೆಯುತ್ತದೆಯೇ ಹೊರತು ಗೋಡೆಗೆ ತಾಗುವುದನ್ನಲ್ಲ. ಎದೆಗಿಂತ ಮೊದಲು ಬಲಗಾಲಿನ ಪಾದ ಗೋಡೆಗೆ ಬಡಿದು ಕಣಕಾಲು ಮುರಿಯಿತು. ಕ್ರೂಸ್ ಮೇಲೆದ್ದು, ಕುಂಟುತ್ತಾ ಕ್ಯಾಮೆರಾ ದಾಟುವ ತನಕ ಓಡಿ ಶಾಟ್ ಮುಗಿಸಿದರು. ಚಿತ್ರೀಕರಣ ವಾರಗಟ್ಟಲೆ ನಿಂತಿತು. ತೆರೆಯ ಮೇಲಿರುವುದು ಅದೇ ಟೇಕ್. ಜೇಮ್ಸ್ ಬಾಂಡ್ ಜಿಗಿದ ಮೇಲೆ ಅಂಗಿಯ ಕಫ್ ಸರಿಪಡಿಸಿಕೊಳ್ಳುತ್ತಾನೆ, ಈಥನ್ ಕುಂಟುತ್ತಾನೆ. ಇಬ್ಬರ ನಡುವಿನ ಅಂತರಕ್ಕೆ ಇದಕ್ಕಿಂತ ಚಿಕ್ಕ ವಿವರಣೆ ಬೇಕಿಲ್ಲ.

2023ರ ಚಿತ್ರಕ್ಕಾಗಿ ನಾರ್ವೆಯಲ್ಲಿ ತೆಗೆದ ಬೈಕ್ ಜಿಗಿತಕ್ಕೆ ತಯಾರಿಯೇ ದೊಡ್ಡದು: 500ಕ್ಕೂ ಹೆಚ್ಚು ಆಕಾಶಜಿಗಿತ, ಸುಮಾರು 13,000 ಬೈಕ್ ಹಾರಾಟ. ಹೆಲ್ಸೆಟ್‌ಕೋಪೆನ್ ಬೆಟ್ಟದ ಮೇಲೆ ಇಳಿಜಾರು ಹಲಗೆಯ ದಾರಿ ಕಟ್ಟಿದರು. ಚಿತ್ರದಲ್ಲಿ ಅದರ ಜಾಗಕ್ಕೆ ಬಂಡೆ ಬಿಡಿಸಿದ್ದಾರೆ. ಇಲ್ಲಿ ತಪ್ಪಾಗಬಹುದಾದದ್ದು ಮುಖ್ಯವಾಗಿ ಮೂರು. ವೇಗ ಸಾಲದಿದ್ದರೆ ಬಂಡೆಯಿಂದ ಸಾಕಷ್ಟು ದೂರ ಹೋಗುವುದಿಲ್ಲ. ಬೈಕನ್ನು ಹೊತ್ತಿಗೆ ಸರಿಯಾಗಿ ಬಿಡದಿದ್ದರೆ ಅದೇ ಪ್ಯಾರಾಶೂಟಿಗೆ ಸಿಕ್ಕಿಕೊಳ್ಳಬಹುದು. ಎಲ್ಲಕ್ಕಿಂತ ಕೆಟ್ಟದ್ದು, ಪ್ಯಾರಾಶೂಟ್ ಬಂಡೆಯ ಕಡೆ ಮುಖಮಾಡಿ ಬಿಚ್ಚಿಕೊಳ್ಳುವುದು. ಬೆಟ್ಟದಿಂದ ಜಿಗಿಯುವವರು ಹೆಚ್ಚು ಹೆದರುವುದು ಇದಕ್ಕೇ, ತಿರುಗಿಸಲು ಸಿಗುವುದು ಕೆಲವೇ ಕ್ಷಣ. ಒಂದೇ ದಿನ ಆರು ಸಲ ಹಾರಿದರು, ಅದೂ 2020ರಲ್ಲಿ ಮುಖ್ಯ ಚಿತ್ರೀಕರಣದ ಮೊದಲ ದಿನವೇ. ಲೆಕ್ಕ ನಿಷ್ಠುರವಾಗಿದೆ: ನಾಯಕನಿಗೆ ಏನಾದರೂ ಆಗುವುದಿದ್ದರೆ ಅರ್ಧ ಸಿನಿಮಾ ತೆಗೆದ ಮೇಲೆ ಆಗುವುದು ಬೇಡ. ಹೆಲ್ಮೆಟ್ ಮಾತ್ರ ಇಲ್ಲ. ಯಾಕೆ ಅನ್ನುವುದು ಈಗಾಗಲೇ ಗೊತ್ತು.

2025ರ ಎಂಟನೇ ಚಿತ್ರಕ್ಕೆ ದಕ್ಷಿಣ ಆಫ್ರಿಕಾದಲ್ಲಿ ಎರಡು ರೆಕ್ಕೆಯ ಹಳೆ ಕಾಲದ ವಿಮಾನದ ಮೇಲೆ ಕ್ರೂಸ್ ಓಡಾಡಿದರು. ಉರಿಯುವ ಪ್ಯಾರಾಶೂಟಿನಲ್ಲಿ 16 ಸಲ ಜಿಗಿದದ್ದಕ್ಕೆ ಗಿನ್ನೆಸ್ ದಾಖಲೆಯೂ ಆಯಿತು. ಆದರೆ ಆ ಚಿತ್ರದಲ್ಲಿ ಗಮನ ಹಿಡಿಯುವುದು ಮುಳುಗಿದ ಜಲಾಂತರ್ಗಾಮಿಯ ಭಾಗ. ಉರುಳುತ್ತಿರುವ ಕಬ್ಬಿಣದ ಹೊಟ್ಟೆ, ಕತ್ತಲು, ನೀರು, ಮಾತಿಲ್ಲ. ಬಿಳಿ ಕೋಣೆಯ ಮೌನ ಸುಮಾರು ಮೂರು ದಶಕದ ನಂತರ ಮರಳಿ ಬಂದ ಹಾಗೆ. ಅಲ್ಲಿ ಈಥನ್ ತೊಟ್ಟದ್ದು ಮುಖ ಪೂರ್ತಿ ಕಾಣುವ ಗಾಜಿನ ಮಾಸ್ಕು, ಒಳಗೆ ದೀಪ. ಮಾಮೂಲಿ ಮುಳುಗುಗಾರ ಬಾಯಲ್ಲಿ ಕೊಳವೆ ಕಚ್ಚಿರುತ್ತಾನೆ, ಬಿಟ್ಟ ಉಸಿರು ಗುಳ್ಳೆಯಾಗಿ ಹೊರಗೆ ಹೋಗುತ್ತದೆ. ಕೊಳವೆ ಕಚ್ಚಿದ ಬಾಯಿ ಅಭಿನಯಿಸಲಾರದು. ಅದನ್ನು ತೆಗೆದುಹಾಕಿದ್ದಕ್ಕೆ, ಬಿಟ್ಟ ಉಸಿರು ಗಾಜಿನೊಳಗೇ ಉಳಿಯುತ್ತಿತ್ತು, ಅದನ್ನೇ ಮತ್ತೆ ಎಳೆದುಕೊಳ್ಳಬೇಕಿತ್ತು. ಇಂಗಾಲದ ಡೈಆಕ್ಸೈಡ್ ಹೆಚ್ಚಿದಂತೆ ಮೊದಲು ತಲೆ ಭಾರ, ಆಮೇಲೆ ಕೈಕಾಲು ಮಂದ, ಕೊನೆಗೆ ಬುದ್ಧಿ ಮಂದ. ಆದ್ದರಿಂದ ಒಂದೊಂದು ಸಲಕ್ಕೆ ಸುಮಾರು ಹತ್ತು ನಿಮಿಷ ಮಾತ್ರ; ಅಷ್ಟರಲ್ಲಿ ಮೇಲೆ ಬಂದು, ಗಾಜು ತೆಗೆದು, ಬೇರೆ ಗಾಳಿ ಎಳೆದುಕೊಂಡು ಮತ್ತೆ ಇಳಿಯಬೇಕಿತ್ತು.